ಬೆರಳು ಕೇಳಿದ ಫೋನು

ಯಾರದೋ ಕಿಟಕಿ ಪರದೆಗೆ ಅಂಚು ಹೊಲಿಯುತ್ತಿದ್ದಾಗ ಅವಳ ಫೋನಿಗೆ ಇಮೇಲ್ ಬಂತು. ದೊಡ್ಡಾಸ್ಪತ್ರೆಯ ಹೊಲಿಗೆ ವಿಭಾಗದಲ್ಲಿ ಕೆಲಸ ಸಿಕ್ಕಿತ್ತು, ಅದೂ ಕಾಯಂ ಕೆಲಸ. ಕಂಡವರ ಬಟ್ಟೆಗೆ ತೇಪೆ ಹಾಕಿ ಹಾಕಿ ಕಣ್ಣು ಸವೆಸಿದವಳಿಗೆ ಇನ್ನೇನು ಬೇಕು? ಸಂಜೆ ನಾಲ್ಕರೊಳಗೆ ಆಸ್ಪತ್ರೆಯ ವೆಬ್‌ಸೈಟಿನಲ್ಲಿ 'ಒಪ್ಪಿಗೆ' ಎಂದು ಒತ್ತಬೇಕಿತ್ತು. ಇಲ್ಲದಿದ್ದರೆ ಕೆಲಸ ಮುಂದಿನವರ ಪಾಲು.

ಒತ್ತಿದಳು. 'ನಿಮ್ಮ ನಂಬರಿಗೆ ಒಟಿಪಿ ಕಳಿಸಿದ್ದೇವೆ' ಎಂದು ಬಂತು. ಆದರೆ ಆ ನಂಬರು ಅವಳದಲ್ಲ, ಗಂಡನದು. ಅರ್ಜಿ ತುಂಬಿದವನು ಅವನೇ. "ನಿನ್ ನಂಬರ್ ಕೊಟ್ರೆ ಕಂಡಕಂಡೋರೆಲ್ಲ ಫೋನ್ ಮಾಡ್ತಾರೆ. ನಂದೇ ಇರ್ಲಿ, ಸೇಫು" ಎಂದಿದ್ದ. ಅವನು ಸಿಟಿ ಬಸ್ ಡ್ರೈವರ್. ಸ್ಟೀರಿಂಗ್ ಹಿಡಿಯುವ ಮುಂಚೆ ಡ್ರೈವರುಗಳೆಲ್ಲ ಫೋನನ್ನು ಡಿಪೋದ ಲಾಕರಿನಲ್ಲಿಟ್ಟು ಬೀಗ ಹಾಕಬೇಕೆಂಬುದು ನಿಯಮ.

ಆಸ್ಪತ್ರೆಗೆ ಫೋನ್ ಮಾಡಿದಳು. "ಸಾರ್, ನಂಬರ್ ಬದಲಾಯಿಸಿ ಕೊಡ್ತೀರಾ?"

"ಬದಲಾಯಿಸೋಕೂ ಹಳೇ ನಂಬರಿಗೇ ಒಟಿಪಿ ಬರುತ್ತಮ್ಮಾ" ಎಂದ ಗುಮಾಸ್ತ. ದನಿಯಲ್ಲಿ ಕನಿಕರವಿತ್ತು. "ನಾನ್ ಒಪ್ಪಿದ್ರೂ ಕಂಪ್ಯೂಟರ್ ಒಪ್ಪಬೇಕಲ್ಲ."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇದಕ್ಕೇ. ಚಪ್ಪಲಿ ಮೆಟ್ಟಿಕೊಂಡು ಸ್ಟಾಪಿಗೆ ಓಡಿದಳು. ಬಸ್ಸುಗಳು ಬಂದವು, ಹೋದವು. ಕೊನೆಗೆ ಗಂಡನ ಬಸ್ಸು ಬಂದಾಗ ಡ್ರೈವರ್ ಕಿಟಕಿಯ ಕೆಳಗೆ ನಿಂತು ಒಂದೇ ಉಸಿರಿಗೆ ಎಲ್ಲ ಹೇಳಿದಳು.

"ಬಸ್ ಬಿಟ್ಟು ಹೇಗೆ ಬರ್ಲಿ, ಜನ ಕೂತಿದಾರೆ!" ಎಂದು ಅವನು ಜೇಬಿನಿಂದ ಲಾಕರಿನ ಕೀ ತೆಗೆದು ಕೊಟ್ಟ. "ಹೋಗು, ಫೋನ್ ಅಲ್ಲೇ ಇದೆ." ಹಿಂದಿನ ಬಸ್ಸು ಹಾರ್ನ್ ಹೊಡೆಯಿತು. ಅವನು ಹೊರಟ.

ಡಿಪೋದ ಕಾವಲುಗಾರನಿಗೆ ಅವಳ ಗುರುತಿತ್ತು, ತಡೆಯಲಿಲ್ಲ. ಲಾಕರ್ ತೆಗೆದು, ಗಂಡನ ಫೋನು ಒಂದು ಕೈಯಲ್ಲಿ ಹಿಡಿದು, ತನ್ನ ಫೋನಿನಲ್ಲಿ ಮತ್ತೆ 'ಒಪ್ಪಿಗೆ' ಒತ್ತಿದಳು. ಗಂಡನ ಫೋನು ಟಿಣ್ ಎಂದಿತು. ಅವಳಿಗೆ ಹೋದ ಜೀವ ಬಂದಂತಾಯಿತು.

'ಹೊಸ ಮೆಸೇಜು' ಎಂದಷ್ಟೇ ಕಂಡಿತು. ಒಳಗೇನಿದೆ ತೋರಿಸಲು ಫೋನು ಬೆರಳು ಕೇಳಿತು. ಹೆಬ್ಬೆರಳಿಟ್ಟಳು. ಇಲ್ಲ. ತೋರುಬೆರಳು, ಎಡಗೈ, ಒರೆಸಿಕೊಂಡು ಮತ್ತೆ ಬಲಗೈ. ಇಷ್ಟು ವರ್ಷ ಸಂಸಾರ ಮಾಡಿದವಳ ಒಂದು ಬೆರಳಿನ ಗುರುತೂ ಅದಕ್ಕಿರಲಿಲ್ಲ. ಲಾಕಿನ ನಂಬರು ಅವನು ಹೇಳಿರಲಿಲ್ಲ, ಇವಳು ಕೇಳಿರಲೂ ಇಲ್ಲ. ಅವನ ಬೆರಳು ಊರಿನ ಆ ತುದಿಯಲ್ಲಿ ಸ್ಟೀರಿಂಗ್ ಹಿಡಿದಿತ್ತು. ಮತ್ತೆ ಮತ್ತೆ ಒಟಿಪಿ ತರಿಸಿದಳು. ಪ್ರತಿ ಸಲವೂ ಅದು ಅವಳ ಅಂಗೈಯಲ್ಲೇ ಟಿಣ್ ಎನ್ನುತ್ತಿತ್ತು. ನಾಲ್ಕು ಹೊಡೆದಾಗ ಅಲ್ಲೇ ಬೆಂಚಿನ ಮೇಲೆ ಕುಸಿದು ಕೂತು ಅತ್ತುಬಿಟ್ಟಳು.

ಡ್ಯೂಟಿ ಮುಗಿಸಿ ಬಂದ ಗಂಡ ಬೆರಳಿಟ್ಟ. ಫೋನು ತಟ್ಟನೆ ತೆರೆದುಕೊಂಡಿತು. ಸಾಲಾಗಿ ಒಟಿಪಿಗಳು ಕೂತಿದ್ದವು.

"ನಿನ್ ಒಳ್ಳೇದಕ್ಕೇ ಮಾಡಿದ್ದು ಕಣೇ" ಎಂದ ಮೆಲ್ಲಗೆ. "ಅವತ್ತು ಯಾರೋ ಬಹುಮಾನ ಬಂದಿದೆ ಅಂತ ಫೋನ್ ಮಾಡಿದಾಗ ನೀನು ಎಲ್ಲಾ ಹೇಳಕ್ಕೆ ಹೊರಟಿದ್ದೆ. ನಾನ್ ಇಲ್ದಿದ್ರೆ?"

"ನಿಜ, ಮೋಸ ಹೋಗ್ತಿದ್ದೆ" ಎಂದಳು. "ಅವತ್ತು ನಂಗೆ ಹೇಳಿಕೊಡಬಹುದಿತ್ತಲ್ರೀ. ನೀವು ಬೀಗ ಹಾಕಿ, ಬೀಗದ ಕೈ ನೀವೇ ಇಟ್ಕೊಂಡ್ರಿ."

ಹೋದ ಕೆಲಸ ಬರುವಂತಿರಲಿಲ್ಲ. ಅವನು ತನ್ನ ಫೋನಿನಲ್ಲೇ ಅವಳ ಇಮೇಲ್ ಖಾತೆ ತೆರೆದ. ಅದರಲ್ಲೂ ಇದ್ದ ತನ್ನ ನಂಬರು ಅಳಿಸಿ ಅವಳದನ್ನು ಹಾಕಿದ. ಈ ಸಲ ಟಿಣ್ ಎಂದದ್ದು ಅವಳ ಫೋನು.

"ಒಟಿಪಿ ಏನ್ ಬಂತು? ಹೇಳು, ಹಾಕ್ತೀನಿ" ಎಂದ, ಅಭ್ಯಾಸಬಲದಿಂದ.

ಅವಳು ಮೆಸೇಜನ್ನು ನಿಧಾನಕ್ಕೆ ಓದಿದಳು. "ಯಾರಿಗೂ ಹೇಳಬೇಡಿ ಅಂತ ಬರೆದಿದೆ."

ಅವನು ತನ್ನ ಫೋನನ್ನು ಅವಳ ಕೈಗಿತ್ತ. ಅವಳು ನಂಬರು ಒತ್ತಿ, ಇಮೇಲಿಗೆ ಹೊಸ ಪಾಸ್‌ವರ್ಡ್ ಹಾಕಿ ಮುಗಿಸುವವರೆಗೂ ಗೋಡೆಯ ಕಡೆ ಮುಖ ತಿರುಗಿಸಿ ನಿಂತಿದ್ದ.