ಬಾಸಿಂಗದ ಹಿಂದಿನ ಕಣ್ಣು

ಮುತ್ತು, ಮತ್ತೆ ಮುತ್ತೇ, ಕಣ್ಣಲ್ಲ — ಮದುಮಗಳ ಹಣೆಯ ಬಾಸಿಂಗದಿಂದ ಇಳಿಬಿದ್ದ ಮುತ್ತಿನ ಎಳೆ ಫ್ಯಾನಿನ ಗಾಳಿಗೆ ಅಲುಗಿದಾಗಲೆಲ್ಲ ಫೋಕಸ್ ಓಡಿಹೋಗಿ ಅದನ್ನೇ ಹಿಡಿಯುತ್ತದೆ, ಮುತ್ತಿನ ತೂತು ಕೂಡ ಕಾಣುವಷ್ಟು ಚೊಕ್ಕ, ಅದರ ಹಿಂದೆ ಅನ್ವಿತಾಳ ಕಣ್ಣು ಹಾಲಿಗೆ ಬಿದ್ದ ಕಾಡಿಗೆಯ ಹಾಗೆ ಕದಡಿಹೋಗಿದೆ, ಥೂ, ಈ ಲೆನ್ಸು ಒಂದು ಪಾಯಿಂಟ್ ಎರಡಕ್ಕೆ ಬಾಯಿ ತೆರೆದರೆ ಚೊಕ್ಕ ಉಳಿಯುವುದು ಅಕ್ಕಿಕಾಳಿನಷ್ಟು ಜಾಗ, ರೆಪ್ಪೆ ಸಿಕ್ಕರೆ ಮೂಗುತಿ ಹೋಯಿತು, ಮೂಗುತಿ ಸಿಕ್ಕರೆ ರೆಪ್ಪೆ ಹೋಯಿತು, ನಾನು ಉಸಿರು ಬಿಟ್ಟರೆ ಎರಡೂ ಹೋದವು. ಬಸೂ, ತಾಳಿ ಕಟ್ಟೂ ಹೊತ್ತಿಗೆ ಎರಡು ಪಾಯಿಂಟ್ ಎಂಟಕ್ಕ ಇಡು, ಮಾರಿ ಪೂರಾ ಚೊಕ್ಕ ಬರ್ತೈತಿ, ಹುಡುಗಾಟ ಮಾಡಬ್ಯಾಡ, ಎಂದು ಸ್ಟುಡಿಯೋ ಮಾಲೀಕ ಗೋಪಿನಾಥ ಸರ್ ಬೆಳಿಗ್ಗೆ ಕುಷಾಯಿಗೂಡದಿಂದ ಸಿಕಂದರಾಬಾದಿನ ಈ ಮದುವೆಮನೆಗೆ ಬರುವಾಗ ವ್ಯಾನಿನಲ್ಲೇ ಹೇಳಿದರು, ಹ್ಞೂಂರಿ ಅಂದೆ, ಇಟ್ಟಿಲ್ಲ, ಇಡುವುದೂ ಇಲ್ಲ, ಅವನು ಇಟ್ಟಿದ್ದಾನೆಯೇ, ಅಗೋ ಮಂಟಪದ ಎಡಕ್ಕೆ ನಿಂತ ಬಿಳಿ ಅಂಗಿಯ ಮನೋಜ, ಮದುಮಗನ ಆಫೀಸಿನ ಗೆಳೆಯ, ಮೈಸೂರಿನವ, ಉಣ್ಣಲು ಬಂದ ಅತಿಥಿಗೆ ಕುತ್ತಿಗೆಯಲ್ಲಿ ನನ್ನದಕ್ಕಿಂತ ಹೊಸ ಕ್ಯಾಮೆರಾ, ಅದು ತಾನೇ ಕಣ್ಣು ಹುಡುಕಿ ಚೌಕ ಕಟ್ಟಿ ಹಿಡಿದುಕೊಳ್ಳುತ್ತದೆ, ಅವನು ಹಲ್ಲು ಕಿಸಿದು ಒತ್ತಿದರೆ ಮುಗಿಯಿತು. ಏನ್ ಗುರು, ಇನ್ನೂ ಹಳೇ ಕ್ಯಾಮೆರಾನಾ, ಸೂಪರ್ ಗುರು ನೀನು — ಗುರು ಅಂತೆ, ನನ್ನ ಹೆಸರು ಗುರುಬಸವ ಎಂಬುದು ಅವನಿಗೆ ಗೊತ್ತೇ ಇಲ್ಲ, ಅವನಿಗೆ ಆಟೋದವನೂ ಗುರು, ಸಾರು ಬಡಿಸುವವನೂ ಗುರು, ತಿಳಿಯದೆಯೇ ನನ್ನ ಹೆಸರಿನ ಅರ್ಧ ಕಿತ್ತುಕೊಂಡು ಜಗಿಯುತ್ತಾನೆ, ಉಳಿದರ್ಧ ಸುವರ್ಣಾಳ ಬಾಯಲ್ಲಿ. ಬಸವಣ್ಣಾ, ಲೈಟ್ ಸ್ವಲ್ಪ ಈ ಕಡಿ ಹಿಡೀರಿ — ಸುವರ್ಣಾ ಮದುಮಕ್ಕಳಿಗೆ ಮೇಕಪ್ ಮಾಡುವವಳು, ಲಿಂಗಸುಗೂರು ಕಡೆಯವಳು, ಕುಷಾಯಿಗೂಡದಲ್ಲಿ ನಮ್ಮ ಸ್ಟುಡಿಯೋದ ಮೇಲಿನ ಮನೆ, ಮೆಟ್ಟಿಲಿಳಿಯುವ ಅವಳ ಚಪ್ಪಲಿಯ ಸಪ್ಪಳ ಕೇಳಿದರೆ ನನ್ನ ಕೈಯಲ್ಲಿರುವುದು ಕೆಳಗೆ ಬೀಳುತ್ತದೆ — ಆ ಬಸವಣ್ಣನಲ್ಲಿರುವುದು ಹೆಸರಿಗೆ ಅಂಟಿ ಬಂದ ಅಣ್ಣನೋ, ರಾಖಿ ಕಟ್ಟಿಸಿಕೊಳ್ಳುವ ಅಣ್ಣನೋ, ಎರಡು ವರ್ಷದಿಂದ ನನಗೆ ಬಗೆಹರಿದಿಲ್ಲ, ಕೇಳುವುದು ಹೇಗೆ, ಕುಷ್ಟಗಿಯ ನಮ್ಮ ಓಣಿಯಲ್ಲಿ ಎತ್ತಿಗೂ ಬಸವಣ್ಣ ಅನ್ನುತ್ತಾರೆ. ಆ ಮನೋಜನಿಗೆ ಮಾತ್ರ ಸರ್. ಅವನು ಸರ್, ನಾನು ಎತ್ತು.

ಹೋದ ರವಿವಾರ ಮಹಡಿಯ ಮೇಲೆ ಅವಳೇ ಕೇಳಿದ್ದು, ಬಸವಣ್ಣಾ, ಇಲ್ಲೇ ನಮ್ಮನ್ಯಾಗ ಪಾರ್ಲರ್ ತೆರಿತೀನಿ, ಬೋರ್ಡಿಗೆ ಯಾವಕೀದೋ ಹೀರೋಯಿನ್ ಮಾರಿ ಯಾಕ, ನಂದs ಇರಲಿ, ಒಂದು ಫೋಟೋ ತಗೀರಿ, ನಾನು ಫೋಕಸ್ ಚುಕ್ಕೆಯನ್ನು ಅವಳ ಕಣ್ಣಿನ ಮೇಲೆ ಕೂಡಿಸಿ ಹಿಡಿದೆ, ಜಡೆಯೂ ಬರಲಿ ಎಂಬ ಆಸೆಗೆ ಕ್ಯಾಮೆರಾವನ್ನು ಒಂಚೂರು ಹೊರಳಿಸಿದೆ, ಆ ಒಂಚೂರೇ ಸಾಕಾಯಿತು, ಕಣ್ಣು ಹೊಗೆ, ಕಿವಿ ಚೊಕ್ಕ. ಅಯ್ಯ, ಕಿವಿ ಭಾಳ ಛಲೋ ಬಂದೈತಿ, ಕಿವಿ ಚುಚ್ಚೂ ಅಂಗಡಿ ತೆರೀಲೇನ್ರಿ — ನಕ್ಕಳು, ನಾನೂ ನಕ್ಕೆ. ಇವತ್ತು ಬೆಳಿಗ್ಗೆ ಮೇಕಪ್ ಕೋಣೆಯ ಬಾಗಿಲಲ್ಲಿ ಆ ಮನೋಜ, ಒಂದೇ ಒಂದು ಸಲ ಒತ್ತಿದ, ಅವಳು ಅವನ ಭುಜದ ಹತ್ತಿರ ತಲೆ ತಂದು ಪರದೆ ನೋಡಿದಳು, ನನ್ನ ಕಣ್ಣು ಇಷ್ಟು ದೊಡ್ಡವೇನ್ರಿ ಸರ್, ಅವನು ಇದನ್ನೇ ಬೋರ್ಡಿಗೆ ಹಾಕಿ ಅಂದ, ಅವಳು ತಡೀರಿ ಸರ್, ನಮ್ಮ ಬಸವಣ್ಣನೂ ಇವತ್ತ ಇನ್ನೊಂದು ತಗೀಲಿ, ಯಾವುದು ಛಲೋ ಬರ್ತೈತಿ ಅದು ಬೋರ್ಡಿಗೆ ಅಂದಳು — ನಮ್ಮ, ನಮ್ಮ ಅಂದಳು, ಆದರೆ ಅವನ ಕಡೆ ನೋಡಿ ಅಂದಳು. ಎಂಟನೇ ಇಯತ್ತೆಯಲ್ಲಿ ಶಾಲೆ ಬಿಟ್ಟವನಿಗೆ ಅಷ್ಟು ತಿಳಿಯುವುದಿಲ್ಲವೇ, ಬೋರ್ಡಿನ ಮೇಲೆ ಅವನ ಫೋಟೋ ಏರಿದರೆ ದಿನಾ ಸ್ಟುಡಿಯೋ ಬಾಗಿಲು ತೆರೆಯುವಾಗ ಅವನು ಕಂಡ ಸುವರ್ಣಾಳನ್ನು ನಾನು ನೋಡಬೇಕು, ಆಗುವುದಿಲ್ಲ, ಸುಟ್ಟುಬಿಡುತ್ತೇನೆ ಬೋರ್ಡನ್ನ, ಮೊದಲು ಈ ತಾಳಿ ಮುಗಿಯಲಿ, ಆಮೇಲೆ ಅವಳನ್ನು ಕಿಟಕಿಯ ಹತ್ತಿರ ನಿಲ್ಲಿಸಿ, ಹೊರಳಿಸದೆ, ಉಸಿರು ಬಿಡದೆ — ಬಾಸಿಂಗದ ದಾರ ಸಡಿಲಾಗಿದೆ, ಸುವರ್ಣಾ ಮದುಮಗಳ ಹಿಂದೆ ಬಂದು ನಿಂತು ಎರಡೂ ಕೈಯಿಂದ ಹಿಡಿದಿದ್ದಾಳೆ, ನನ್ನ ಚೌಕಟ್ಟಿನಲ್ಲಿ ಅವಳು ಬರೀ ಮಂಜು, ಆ ಮಂಜಿನ ಮುಖ ಯಾವ ಕಡೆ ತಿರುಗಿದೆ, ನೋಡಬೇಡ, ಮೊಣಕೈ ಪಕ್ಕೆಗೆ ಒತ್ತು, ಚುಕ್ಕೆ ಅನ್ವಿತಾಳ ಕಣ್ಣಿನ ಮೇಲೆ, ಗಟ್ಟಿಮೇಳ ಗಟ್ಟಿಮೇಳ, ಅಕ್ಷತೆ ನನ್ನ ಕತ್ತಿನೊಳಗೆ ಇಳಿಯುತ್ತಿದೆ, ಮದುಮಗ ಬಾಗಿದ, ಒತ್ತಿದೆ, ಒತ್ತಿದೆ, ಗಂಟು ಮುಗಿಯುವವರೆಗೂ ಒತ್ತುತ್ತಲೇ ಹೋದೆ.

ಪರದೆ ಬೆಳಗಿದೆ, ಮದುಮಗಳಿಲ್ಲ. ಕೆಂಪು ಹೊಗೆಯೊಂದು, ಅದರ ಮೇಲೆ ಹಳದಿ ಗೀರು, ಅದೇ ತಾಳಿ, ಕಟ್ಟಿಸಿಕೊಳ್ಳಲು ಅನ್ವಿತಾ ತಲೆ ತಗ್ಗಿಸಿದ್ದಾಳೆ, ತಗ್ಗಿಸದೆ ತಾಳಿ ಕಟ್ಟಿಸಿಕೊಳ್ಳುತ್ತಾರೆಯೇ, ಇಷ್ಟು ಮದುವೆ ತೆಗೆದವನಿಗೆ ಅಷ್ಟೂ ಹೊಳೆಯಲಿಲ್ಲ, ಚುಕ್ಕೆ ಅವಳ ನೆತ್ತಿ ದಾಟಿ ಹಿಂದೆ ಬಿದ್ದಿದೆ, ಹಿಂದೆ ಸುವರ್ಣಾ. ಅಮ್ಮಾ. ಇಂಥ ಕಣ್ಣು ನಾನು ಹುಟ್ಟಿದಾಗಿನಿಂದ ತೆಗೆದಿಲ್ಲ, ರೆಪ್ಪೆಗೂದಲು ಬಿಡಿಬಿಡಿಯಾಗಿ ನಿಂತಿವೆ, ಮೂಲೆಯಲ್ಲಿ ಕಾಡಿಗೆ ಕೂದಲೆಳೆಯಷ್ಟು ಕದಡಿದೆ, ಅದು ಕೂಡ ಚೊಕ್ಕ. ಲೇ ಬಸ್ಯಾ, ತಾಳಿ ಬಂತೇನೋ — ಗೋಪಿನಾಥ ಸರ್ ಆ ಬದಿಯಿಂದ, ಅವರ ಕ್ಯಾಮೆರಾದಲ್ಲಿ ತಾಳಿ ಬಂದಿರುತ್ತದೆ, ಬೈಯಲಿ — ತೋರಸ್ರಿ ಬಸವಣ್ಣಾ, ಸುವರ್ಣಾ ಪಕ್ಕಕ್ಕೇ ಬಂದಳು, ಮಲ್ಲಿಗೆಯ ವಾಸನೆ, ಅಯ್ಯ, ಇದು ನಾನೇನು, ಇದs ಬೇಕು ನೋಡ್ರಿ, ಮುಂದಿನದೆಲ್ಲ ಕತ್ತರಿಸಿ ಒಗದು ಇದನ್ನ ಬೋರ್ಡಿಗೆ ಹಾಕೂಣು, ಮನೋಜ್ ಸರ್, ನೀವು ಸೋತ್ರಿ, ನಮ್ಮ ಬಸವಣ್ಣ ಗೆದ್ದ, ಕೂಗಿಕೊಂಡು ಅವನ ಕಡೆಗೆ ಓಡಿಯೇಬಿಟ್ಟಳು, ಗೆದ್ದೆ, ಗೆದ್ದಿದ್ದೇನೆ, ಬೋರ್ಡಿಗೆ ನನ್ನದೇ, ಕುಷಾಯಿಗೂಡದವರು ಅವಳು ರಸ್ತೆ ನೋಡುತ್ತಿದ್ದಾಳೆ ಅಂದುಕೊಳ್ಳುತ್ತಾರೆ, ಚೌಕಟ್ಟು ಅಲ್ಲಿಗೇ ಮುಗಿಯುತ್ತದೆ, ಅದರಾಚೆ ಎಡಕ್ಕೆ ಬಿಳಿ ಅಂಗಿ ತೊಟ್ಟು ಯಾರು ನಿಂತಿದ್ದರೆಂದು ಬಲ್ಲವನು ನಾನೊಬ್ಬನೇ, ದೊಡ್ಡದು ಮಾಡುತ್ತೇನೆ, ಕಣ್ಣು, ಇನ್ನೂ ದೊಡ್ಡದು, ನಗುವ ಮೊದಲು ತುಸು ಕಿರಿದಾದ ಕಣ್ಣು, ನನ್ನ ಕಡೆ ಯಾವತ್ತೂ ಹಾಗೆ ಕಿರಿದಾಗದ ಕಣ್ಣು, ಮುಂದಿನ ಫೋಟೋ, ಅದೇ, ಅದರ ಮುಂದಿನದು, ಅದೇ, ಎಡಕ್ಕೆ ಹೊರಳಿದ ಕಣ್ಣು, ಒಂದು ರೆಪ್ಪೆಯೂ ಮಂಜಾಗದೆ, ಎಡಕ್ಕೆ —