ಮೀನಿನ ಪೆಟ್ಟಿಗೆಯಲ್ಲಿ ಇಂಜಿನ್

"ನೀರಿಗೇ ಹಾಕಿ! ಒಣಗ್ಸ್‌ಬೇಡಿ ಮಾರಾಯ್ರೆ, ನೀರಿಗೇ ಹಾಕಿ!"

ಮಗಳ ಗಣಿತದ ಟೀಚರ್ ಎದುರು ಕುಳಿತು ನಾನು ಫೋನಿಗೆ ಹೀಗೆ ಕೂಗಿದಾಗ, ಸರದಿಗಾಗಿ ಕಾಯುತ್ತಿದ್ದ ಹದಿನೈದಿಪ್ಪತ್ತು ಜನ ಅಪ್ಪ ಅಮ್ಮಂದಿರು ಒಟ್ಟಿಗೇ ತಿರುಗಿ ನೋಡಿದರು. ಮೋಕ್ಷಿತಾ ಬೆಂಚಿನ ಕೆಳಗೆ ನನ್ನ ಕಾಲು ತುಳಿದಳು. ಟೀಚರ್ ಮಾತ್ರ ಅಂಕಪಟ್ಟಿಯ ಮೇಲೆ ಪೆನ್ನು ಇಟ್ಟು, "ಯಾರಿಗೆ ಏನಾಯ್ತು?" ಎಂದು ಗಾಬರಿಯಿಂದ ಕೇಳಿದರು.

ಜನಕ್ಕೆ ಏನೂ ಆಗಿರಲಿಲ್ಲ. ಮುಳುಗಿದ್ದು ಇಂಜಿನ್.

ನಾನು ಹೆಮ್ಮಾಡಿಯಲ್ಲಿ, ಹೆದ್ದಾರಿಯ ಬದಿಗೆ, ದೋಣಿಯ ಇಂಜಿನ್ ರಿಪೇರಿ ಮಾಡುವವಳು. ದೋಣಿಯ ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವ, ಹಗ್ಗ ಎಳೆದು ಸ್ಟಾರ್ಟ್ ಮಾಡುವ ಔಟ್‌ಬೋರ್ಡ್ ಇಂಜಿನ್‌ಗಳು. ಅಪ್ಪಯ್ಯನ ಅಂಗಡಿ, ಅಪ್ಪಯ್ಯ ಕಲಿಸಿದ ಕೆಲಸ. ಮಳೆಗಾಲದಲ್ಲಿ ದೊಡ್ಡ ಬೋಟುಗಳೆಲ್ಲ ಬಂದರಿನಲ್ಲಿ ಕಟ್ಟಿಕೊಂಡಿರುವಾಗ ನಾಡದೋಣಿಯವರದ್ದೇ ಕಾಲ. ಆ ಎರಡು ತಿಂಗಳು ನನಗೆ ಊಟಕ್ಕೂ ಪುರುಸೊತ್ತಿರುವುದಿಲ್ಲ. ಮಗಳು ಸಿದ್ದಾಪುರದ ಹಾಸ್ಟೆಲಿನಲ್ಲಿ ಓದುತ್ತಾಳೆ. ಪೋಷಕರ ಹಿಂದಿನ ಎರಡು ಸಭೆಗೆ ನಾನು ಹೋಗಿರಲಿಲ್ಲ. ಈ ಸಲ ಬಾರದಿದ್ದರೆ ರಜೆಗೂ ಮನೆಗೆ ಬರುವುದಿಲ್ಲ ಎಂದು ಅವಳು ಹೇಳಿದ್ದಕ್ಕೆ, ಬೆಳಿಗ್ಗೆ ಅಂಗಡಿಗೆ ಬೀಗ ಹಾಕಿ ಬಸ್ಸು ಹತ್ತಿದ್ದೆ. ಅದೇ ದಿನ ತ್ರಾಸಿಯ ಮುತ್ತಣ್ಣನ ದೋಣಿ ಮಗುಚಬೇಕೇ!

ಫೋನಿನಲ್ಲಿದ್ದವನು ಮುತ್ತಣ್ಣನ ಅಳಿಯ ಶೈಲೇಶ್. ದೋಣಿಯಲ್ಲಿ ಇಂಜಿನ್ ಹಿಡಿದು ನಡೆಸುವವನು ಅವನೇ.

"ಶರ್ಮಿಳಕ್ಕ, ಮೂರ್ನೇ ತೆರೆ ಎತ್ತಿ ಬಿಸಾಕ್ತ್. ಐದೂ ಜನ ಈಜ್ಕಂಡ್ ಬಂದ್ರ್. ದೋಣಿಗೂ ಎಂತ ಆಯ್ಲಿಲ್ಲೆ. ಇಂಜಿನ್ ಮಾತ್ರ ಕಾಲ್ ಗಂಟೆ ಉಪ್ಪ್ ನೀರೊಳ್ಗೇ ಇದ್ದಿತ್."

"ಈಗ ಎಲ್ಲಿತ್ತ್?"

"ಬಚ್ಚಲ್ ಒಲೆ ಬದೀಗ್ ಇಟ್ಟಿತ್. ಒಣಗ್ಲಿ ಅಂದೇಳಿ."

ಆಗಲೇ ನಾನು ಕೂಗಿದ್ದು. ಬಲೆ ಒದ್ದೆಯಾದರೆ ಒಣಗಿಸುವ, ಮೀನು ಹೆಚ್ಚಾದರೆ ಒಣಗಿಸುವ, ಸೀರೆ, ಸೌದೆ, ಹಗ್ಗ ಎಲ್ಲವನ್ನೂ ಒಣಗಿಸಿಯೇ ಬದುಕುವ ಜನ. ಇಂಜಿನ್ ಒದ್ದೆಯಾದರೆ ಇನ್ನೇನು ಮಾಡಿಯಾರು? ಆದರೆ ಉಪ್ಪು ನೀರು ಕುಡಿದ ಇಂಜಿನ್ನಿಗೆ ಗಾಳಿ ಸೋಕಿತೋ, ಒಳಗೆ ತುಕ್ಕು ಶುರುವಾಯಿತು ಎಂದೇ ಲೆಕ್ಕ. ಬಿಚ್ಚಿ ತೊಳೆಯುವ ತನಕ ಅದನ್ನು ಸಿಹಿ ನೀರಿನಲ್ಲಿ ಮುಳುಗಿಸಿಡಬೇಕು. ಗಾಳಿಯೂ ಸೋಕುವುದಿಲ್ಲ, ಉಪ್ಪೂ ಕರಗುತ್ತದೆ. ಒಲೆಯ ಬದಿಗಂತೂ ಪೆಟ್ರೋಲಿದ್ದ ಸಾಮಾನು ಇಡುವುದುಂಟೇ!

"ಅಕ್ಕ, ನಿಮ್ಮ ಮಂಡೆ ಸಮ ಇತ್ತಾ? ನೀರಿಂದ ಎತ್ತಿದ್ದನ್ನ ಮತ್ತೆ ನೀರಿಗ್ ಹಾಕುದಾ?"

"ನನ್ನ ಮಂಡೆ ಸಮ ಇತ್ತ್. ಮೊದ್ಲ್ ಒಲೆ ಹತ್ರದಿಂದ ತೆಗಿ. ಹಗ್ಗ ಎಳ್ದ್ ಕಂಡ್ಯಾ?"

"ಇಲ್ಲೆ."

"ಎಳೂಕಾಗ, ಒಳಗ್ ನೀರಿತ್ತ್. ಮುಳುಗುವಾಗ ಇಂಜಿನ್ ಓಡ್ತಿದ್ದಿತಾ, ನಿಂತಿದ್ದಿತಾ?"



"ನಿಲ್ಸಿದ್ದೆ… ನಿಲ್ಸಿದ್ದೆ ಅಂತ ಕಾಣತ್ತಕ್ಕ."

ಓಡುತ್ತಿರುವಾಗಲೇ ನೀರು ಎಳೆದುಕೊಂಡಿದ್ದರೆ ಒಳಗಿನ ರಾಡು ಬಗ್ಗಿರುತ್ತದೆ. ಆಗ ಆ ಇಂಜಿನ್ ಗುಜರಿಗೆ. ಹೋದ ವರ್ಷ ಇಂಜಿನ್ ಇಲ್ಲದೆ ಮುತ್ತಣ್ಣನ ದೋಣಿ ಮರಳಿನ ಮೇಲೆಯೇ ಮಳೆಗಾಲ ಕಳೆದಿತ್ತು. ಅವನ ಕಡೆಯ ಐದು ಜನ ಅವರಿವರ ದೋಣಿಯಲ್ಲಿ ಜಾಗ ಕೇಳಿಕೊಂಡು ತಿರುಗಿದ್ದರು. ಈ ಇಂಜಿನ್ ಬಂದು ಹನ್ನೆರಡು ದಿನವಾಗಿತ್ತು, ಅಷ್ಟೇ. ಆಯ್ದು ಕೊಟ್ಟವಳೂ ನಾನೇ. ಮೇಲಾಗಿ ಇವತ್ತು ಮೀನಿನ ರಾಶಿ ದಡದ ಹತ್ತಿರಕ್ಕೇ ಬಂದಿದೆ, ನೀರು ಕಪ್ಪಾಗಿ ಕುದಿಯುತ್ತಿದೆ ಎಂದು ಶೈಲೇಶ್ ಅಳುವ ದನಿಯಲ್ಲಿ ಹೇಳಿದ. ನಾಳೆಗೆ ಆ ರಾಶಿ ಎಲ್ಲಿರುತ್ತದೋ ಯಾರಿಗೆ ಗೊತ್ತು? ಸಂಜೆಯೊಳಗೆ ಆದರೆ ಆಯಿತು.

"ಹೋಗಮ್ಮ," ಎಂದಳು ಮೋಕ್ಷಿತಾ. "ಇಲ್ಲಿ ಕೂತ್ರೆ ಇಡೀ ಶಾಲೆಗ್ ಕೇಂಬಂಗ್ ಕೂಗ್ತೆ ನೀನ್. ಗಣಿತ ಮೂವತ್ತೆಂಟ್, ಅಷ್ಟೇ ವಿಷ್ಯ."

"ಐವತ್ತಕ್ಕಾ?"

"ನೂರಕ್ಕೆ. ಈಗ ಹೋಗ್."

ಬಯ್ಯಲೂ ಪುರುಸೊತ್ತಿಲ್ಲದೆ ಓಡಿದೆ.

ಬಸ್ಸು ಅಂಪಾರು ದಾಟುವ ತನಕ ಫೋನಿನಲ್ಲೇ ಪಂಚಾಯಿತಿಕೆ. ಅಷ್ಟುದ್ದದ ಇಂಜಿನ್ ಮುಳುಗುವ ಪಾತ್ರೆ ಬೇಕಲ್ಲ! ಡ್ರಮ್ಮಿನಲ್ಲಿ ತಲೆ ಮೇಲೆ ಉಳಿಯುತ್ತದೆ, ಸಿಂಟೆಕ್ಸ್ ಟ್ಯಾಂಕಿನ ಬಾಯಿ ಸಣ್ಣದು, ಬಾವಿಗೆ ಇಳಿಸೋಣವೆಂದರೆ ಮನೆಯ ಹೆಂಗಸರು ಬಿಡುವುದಿಲ್ಲ. ಅಷ್ಟರಲ್ಲಿ ಫೋನಿನಲ್ಲಿ, ಶೈಲೇಶನ ಹಿಂದಿನಿಂದ, ಅಮ್ಮಣ್ಣಿಯಕ್ಕನ ದನಿ ಕೇಳಿತು. ತ್ರಾಸಿಯಿಂದ ಹೆಮ್ಮಾಡಿಯ ತನಕ ಗೂಡ್ಸ್ ಆಟೋ ಓಡಿಸಿ ಮೀನು ಮಾರುವವಳು. ಆಟೋದ ಹಿಂದೆ ಆಳುದ್ದದ ಐಸ್ ಪೆಟ್ಟಿಗೆ.

"ಅಮ್ಮಣ್ಣಿಯಕ್ಕಂಗೆ ಫೋನ್ ಕೊಡ್," ಎಂದೆ.

"ಎಂತದೇ?"

"ಅಕ್ಕ, ನಿಮ್ಮ ಪೆಟ್ಟಿಗೆ ಬೇಕಿತ್."

"ನನ್ನ ಮೀನ್ ಎಂತ ಮಾಡುದ್? ನಿನ್ನ ಮಂಡೆ ಮೇಲ್ ಇಡುದಾ?"

"ಟಾರ್ಪಾಲಿಗೆ ಸುರೀರಿ. ಪೆಟ್ಟಿಗೆ ಎರಡ್ ಸಲ ಬಾವಿ ನೀರಲ್ಲಿ ತೊಳೀರಿ, ಉಪ್ಪ್ ಇಪ್ಪೂಕಾಗ. ಇಂಜಿನ್ ಮಲಗ್ಸಿ ತುಂಬ ನೀರ್ ಹಾಕಿ, ಮುಚ್ಚಿ, ಅಂಗಡಿಗ್ ತನ್ನಿ."

"ಹೆರಿಗೆಗ್ ಕರ್ಕಂಡ್ ಹೋಪಂಗೆ ಹೇಳ್ತೆಯಲ್ಲೆ!" ಎಂದು ಬೈದರೂ, ಪೆಟ್ಟಿಗೆಯಿಂದ ಮೀನು ಸುರಿಯುವ ಸದ್ದು ನನಗೆ ಕೇಳಿಸಿತು.

ಕುಂದಾಪುರದಲ್ಲಿ ಬಸ್ಸು ಬದಲಿಸಿ ನಾನು ಹೆಮ್ಮಾಡಿಗೆ ಇಳಿದಾಗ ಆಟೋ ಬಂದಿರಲಿಲ್ಲ. ಹತ್ತು ನಿಮಿಷ ಕಳೆದು ಬಂತು, ಎರಡೂ ಬದಿಗೆ ನೀರು ಚೆಲ್ಲುತ್ತ. ಶೈಲೇಶ್ ಪೆಟ್ಟಿಗೆಯ ಮುಚ್ಚಳದ ಮೇಲೆ ಕೂತಿದ್ದ, ತಲೆಯಿಂದ ಕಾಲಿನವರೆಗೆ ಒದ್ದೆ. ದಾರಿಯ ಮುಳ್ಳಿಕಟ್ಟೆಯಲ್ಲಿ ನಾಲ್ಕು ಹೆಂಗಸರು ಪಾತ್ರೆ ಹಿಡಿದು ಅಡ್ಡ ನಿಂತಿದ್ದರಂತೆ. ಮೀನಿಲ್ಲ ಎಂದರೆ ನಂಬದೆ ಮುಚ್ಚಳ ತೆಗೆಸಿಯೇ ಬಿಟ್ಟರಂತೆ.

"ಒಬ್ಳ್ ಕೇಂತಳ್, ಇದ್ ಎಂತ ಮೀನ್ ಅಂದೇಳಿ," ಎಂದು ಅಮ್ಮಣ್ಣಿಯಕ್ಕ ಇಳಿಯುತ್ತಲೇ ಶುರು ಮಾಡಿದಳು. "ಮುಳ್ಳ್ ಜಾಸ್ತಿ, ನೀ ತಿಂಬುದಲ್ಲ ಅಂದೆ."

ಮುತ್ತಣ್ಣ ಮುಂದಿನ ಸೀಟಿನಿಂದ ಇಳಿಯಲಿಲ್ಲ. ನನ್ನ ಮುಖವನ್ನು ಮಾತ್ರ ನೋಡುತ್ತಿದ್ದ.

ಇಂಜಿನ್ ಎತ್ತಿ ಸ್ಟ್ಯಾಂಡಿಗೆ ಸಿಕ್ಕಿಸಿದೆವು. ಮುಚ್ಚಳ ತೆಗೆದೆ, ಎರಡೂ ಪ್ಲಗ್ಗು ಬಿಚ್ಚಿದೆ. ಇನ್ನು ಇಂಜಿನ್ನಿನ ತಲೆಯ ಮೇಲಿನ ಚಕ್ರ ಕೈಯಲ್ಲಿ ತಿರುಗಿಸಿ ನೋಡಬೇಕು. ರಾಡು ಬಗ್ಗಿದ್ದರೆ ಅರ್ಧ ಸುತ್ತಿಗೇ ಹಿಡಿದುಕೊಳ್ಳುತ್ತದೆ. ಶೈಲೇಶ್ ಗೋಡೆಯ ಕಡೆಗೆ ತಿರುಗಿ ನಿಂತ. ಎರಡು ಅಂಗೈಯನ್ನೂ ಚಕ್ರದ ಮೇಲಿಟ್ಟು ಮೆಲ್ಲಗೆ ಒತ್ತಿದೆ. ಕಾಲು ಸುತ್ತು. ಅರ್ಧ. ಮುಕ್ಕಾಲು. ಪ್ಲಗ್ಗಿನ ತೂತಿನಿಂದ ನೀರು ಪಿಚಕ್ಕನೆ ಹಾರಿ ನನ್ನ ಕಣ್ಣಿಗೇ ಬಿತ್ತು. ಚಕ್ರ ಪೂರ್ತಿ ಸುತ್ತಿತು!

"ನಿಲ್ಸಿದ್ದೆ ಮಾರಾಯಾ ನೀನ್!" ಎಂದೆ. "ತೆರೆ ಬಡಿಯುಕ್ ಮೊದ್ಲೇ ನಿಲ್ಸಿದ್ದೆ!"

ಅವನು ಗೋಡೆಗೆ ಹಣೆ ಇಟ್ಟು ನಕ್ಕನೋ ಅತ್ತನೋ, ನೋಡಲು ನನಗೆ ಹೊತ್ತಿರಲಿಲ್ಲ.

ಇಂಜಿನ್ ತಲೆಕೆಳಗು ಮಾಡಿ ನೀರು ಬಸಿದೆವು. ಪೆಟ್ರೋಲು ಆಯಿಲು ಬೆರೆಸಿ ಒಳಗೆ ಹೊಯ್ದು ಸುತ್ತಿಸಿದೆವು, ಬಸಿದೆವು, ಮತ್ತೆ ಹೊಯ್ದೆವು. ಕಾರ್ಬುರೇಟರ್ ಬಿಚ್ಚಿದರೆ ಒಳಗೆ ಒಂದು ಚಿಟಿಕೆ ತ್ರಾಸಿಯ ಮರಳು. ಅದನ್ನು ತೊಳೆದು, ವಯರುಗಳಿಗೆ ಗಾಳಿ ಹೊಡೆದು, ಹೊಸ ಪ್ಲಗ್ಗು ಹಾಕಿ, ನೀರು ತುಂಬಿದ ಡ್ರಮ್ಮಿನೊಳಗೆ ಪ್ರೊಪೆಲ್ಲರ್ ಇಳಿಸಿ ನಿಲ್ಲಿಸುವಾಗ ಮೂರು ಗಂಟೆ ದಾಟಿತ್ತು. ಯಾರೂ ಊಟ ಮಾಡಿರಲಿಲ್ಲ.

ಹಗ್ಗ ಎಳೆದೆ. ಏನೂ ಇಲ್ಲ. ಮತ್ತೆ ಎಳೆದೆ. ಹತ್ತು ಸಲ ಎಳೆದು ನನ್ನ ರಟ್ಟೆ ಬಿದ್ದುಹೋಯಿತು. ಶೈಲೇಶ್ ಎಳೆದ. ಪ್ಲಗ್ಗು ತೆಗೆದು ನೋಡಿದೆ, ಒದ್ದೆ. ಒರೆಸಿ ಹಾಕಿದೆ. "ಒಂದ್ ಸಲ ಬೈದ್ ಕಾಣಿ," ಎಂದಳು ಅಮ್ಮಣ್ಣಿಯಕ್ಕ. "ನನ್ನ ಆಟೋ ಬೈದ್ರೇ ಹೊರಡುದ್." ಅವಳೇ ಬೈದಳು ಕೂಡ, ಬರೆಯಲಾಗದ ಮಾತಿನಲ್ಲಿ. ಶೈಲೇಶ್ ನಗುತ್ತಲೇ ಎಳೆದ. ಇಂಜಿನ್ ಒಮ್ಮೆ ಕೆಮ್ಮಿತು. ಬಿಳಿ ಹೊಗೆ. ಇನ್ನೊಂದು ಎಳೆತಕ್ಕೆ ಅಂಗಡಿಯ ತಗಡೆಲ್ಲ ಅದುರುವ ಹಾಗೆ ಗುಡುಗಿ, ಡ್ರಮ್ಮಿನ ನೀರನ್ನು ನಮ್ಮೆಲ್ಲರ ಮೈಮೇಲೆ ಎರಚಿತು. ರಸ್ತೆಯಲ್ಲಿ ಹೋಗುತ್ತಿದ್ದ ಎರಡು ಬೈಕು ನಿಂತವು. ನಾನು ಕುಣಿದೆನಂತೆ. ಅಮ್ಮಣ್ಣಿಯಕ್ಕ ಈಗಲೂ ಅದನ್ನು ಎಲ್ಲರಿಗೂ ಕುಣಿದು ತೋರಿಸುತ್ತಾಳೆ.

ಒಳಗಿನ ತೇವ ಹೋಗಲು ಅರ್ಧ ಗಂಟೆ ಹಾಗೆಯೇ ಓಡಿಸಿ, ಮತ್ತೆ ಆಟೋಗೆ ಏರಿಸಿ, ನಾನೂ ಹತ್ತಿದೆ. ಐದು ಗಂಟೆಗೆ ತ್ರಾಸಿಯಲ್ಲಿ ದೋಣಿ ನೀರಿಗಿಳಿಯಿತು.

"ಮೀನ್ ಸಿಕ್ಕೂ ತನ್ಕ ನಿಲ್ಸ್‌ಬೇಡ," ಎಂದು ಶೈಲೇಶನಿಗೆ ಕೂಗಿ ಹೇಳಿದ್ದೆ. ಮೊದಲ ತೆರೆಗೆ ದೋಣಿಯ ಮೂತಿ ಎದ್ದಿತು. ಎರಡನೆಯದಕ್ಕೆ ಪ್ರೊಪೆಲ್ಲರ್ ಗಾಳಿಯಲ್ಲಿ ಕಿರುಚಿತು. ಮೂರನೆಯದು ಬರುವ ಮೊದಲು ಅವನು ವೇಗ ತಗ್ಗಿಸಿ ಕಾದ, ತೆರೆಯ ಬೆನ್ನು ಸಿಕ್ಕಿದ ಕೂಡಲೇ ಪೂರ್ತಿ ವೇಗ ಕೊಟ್ಟ. ದಾಟಿತು!

ಮುತ್ತಣ್ಣ ನನ್ನ ಬದಿಗೆ ನಿಂತಿದ್ದ. ವರ್ಷಗಟ್ಟಲೆ ಇಂಜಿನ್ ಹಿಡಿದು ಕಿವಿ ಮಂದವಾದ ಮನುಷ್ಯ. ದೂರದ ಸದ್ದು ಅವನಿಗೆ ಕೇಳುವುದಿಲ್ಲ.

"ಇಂಜಿನ್ ಶಬ್ದ ಬತ್ತಿತ್ತಾ?"

"ಬತ್ತಿತ್ತ್."

"ಈಗಳೂ?"

"ಈಗಳೂ, ಮುತ್ತಣ್ಣ. ಬಲೆ ಬಿಡ್ತಿದ್ರ್, ಸುತ್ತ್ ಹೊಡೀತಿದ್ರ್."

ಆಗ ಸದ್ದು ನಿಂತಿತು.

ನನ್ನ ಮುಖ ನೋಡಿಯೇ ಮುತ್ತಣ್ಣನಿಗೆ ಗೊತ್ತಾಯಿತು. ನನ್ನ ತೋಳು ಹಿಡಿದುಕೊಂಡ. ತೆರೆಯ ಸದ್ದು, ಕಡಲಹಕ್ಕಿಗಳ ಕಿರುಚಾಟ, ಮತ್ತೇನೂ ಇಲ್ಲ. ಕಣ್ಣು ಕಿರಿದು ಮಾಡಿ ನೋಡಿದೆ. ದೋಣಿಯ ಒಂದೇ ಮಗ್ಗುಲಿಗೆ ಐದೂ ಜನ ಬಾಗಿದ್ದರು. ಇಂಜಿನ್ ಹತ್ತಿರ ಯಾರೂ ಇಲ್ಲ.

"ಮುತ್ತಣ್ಣ," ಎಂದು ಅವನ ಕಿವಿಗೆ ಬಾಯಿ ಇಟ್ಟು ಕೂಗಿದೆ, "ಅವ್ರೇ ನಿಲ್ಸಿದ್ದ್! ಬಲೆ ಎಳೂಕೆ ನಾಲ್ಕ್ ಜನ ಸಾಕಾಯ್ಲಿಲ್ಲೆ, ಶೈಲೇಶನೂ ಕೈ ಹಾಕಿದ್ದ!"

ಬಲೆ ಒಳಗೆ ಬಂದಾಗ ಅದರಿಂದ ಬೆಳ್ಳಿಯಂತೆ ಏನೋ ಸುರಿಯುತ್ತಿದ್ದುದು ದಡಕ್ಕೂ ಕಾಣಿಸಿತು. ಶೈಲೇಶ್ ಹಿಂದಕ್ಕೆ ಹೋಗಿ ಬಗ್ಗಿದ. ಒಂದೇ ಎಳೆತ. ಹೊಗೆ ಮೊದಲು ಕಂಡಿತು, ಸದ್ದು ಆಮೇಲೆ ಬಂತು. ಮೀನಿನ ಭಾರಕ್ಕೆ ಅಂಚಿನ ತನಕ ನೀರಿಗಿಳಿದ ದೋಣಿ ನಮ್ಮತ್ತ ಮೂತಿ ತಿರುಗಿಸಿತು.

ಮುತ್ತಣ್ಣ ಪಂಚೆ ಎತ್ತಿ ಕಟ್ಟಿ ಆಗಲೇ ಸೊಂಟದ ಮಟ್ಟದ ನೀರಿನಲ್ಲಿದ್ದ.