ಮೂರು ಆಂಪ್ಲಿಫೈಯರ್, ಆರು ಕಿವಿ

ನಮ್ಮ ಮನೆಯ ನಡುಕೋಣೆಯಲ್ಲಿ ಮನುಷ್ಯರಿಗೆ ಕೂರಲು ಜಾಗವಿಲ್ಲ, ಆಂಪ್ಲಿಫೈಯರ್‌ಗಳಿಗಿದೆ. ಗಿಟಾರ್ ನುಡಿಸುವವನನ್ನು ಕಟ್ಟಿಕೊಂಡ ಮೇಲೆ ಇಷ್ಟಾದರೂ ಸಹಿಸಬೇಕು ಎನ್ನುತ್ತಾರೆ ನನ್ನ ಅತ್ತೆ. ಆ ಗಿಟಾರ್ ಕೊಡಿಸಿದ ಪುಣ್ಯಾತ್ಮರು ಯಾರು ಎಂಬುದನ್ನು ಮಾತ್ರ ಹೇಳುವುದಿಲ್ಲ. ನನ್ನ ಹೊಲಿಗೆ ಯಂತ್ರ ಅಡುಗೆಮನೆ ಸೇರಿ ಬಹಳ ಕಾಲವಾಯಿತು. ನಾನು ಹೊಲಿದ ಬಟ್ಟೆಗಳೆಲ್ಲ ಈರುಳ್ಳಿ ವಾಸನೆ ಹೊಡೆಯುತ್ತವೆ.

ಆಂಪ್ಲಿಫೈಯರ್‌ಗಳು ಮೂರು. ಮೊದಲನೆಯದು ವಾಲ್ವಿನದು: ಒಳಗೆ ಗಾಜಿನ ಕೊಳವೆಗಳು ಕೆಂಪಗೆ ಉರಿಯುತ್ತವೆ, ಎತ್ತಲು ಇಬ್ಬರು ಬೇಕು, ಸೊಂಟ ಹಿಡಿದುಕೊಳ್ಳುವುದು ಒಬ್ಬರಿಗೆ. ಎರಡನೆಯದು ಟ್ರಾನ್ಸಿಸ್ಟರಿನದು, ಹಗುರ, ಆದ್ದರಿಂದ ಮರ್ಯಾದೆಯೂ ಕಡಿಮೆ. ಮೂರನೆಯದು ಹೊಸದಾಗಿ ಬಂದ ಡಿಜಿಟಲ್ಲು. ಬೇರೆ ಎಲ್ಲ ಆಂಪ್ಲಿಫೈಯರ್‌ಗಳ ದನಿಯನ್ನೂ ಅದು ಅನುಕರಿಸುತ್ತದಂತೆ. ಅಸಲಿಗಳೇ ಪಕ್ಕದಲ್ಲಿ ಕೂತಿರುವಾಗ ಅನುಕರಣೆ ಯಾಕೆ ಎಂದು ಕೇಳಿದ್ದಕ್ಕೆ, ನನಗೆ ಟೋನ್ ಎಂದರೇನೆಂದೇ ಗೊತ್ತಿಲ್ಲ ಎಂಬ ಉತ್ತರ ಸಿಕ್ಕಿತು.

ಸಂಕಟ ಶುರುವಾದದ್ದು ಹೋಟೆಲಿನಿಂದ. ವಾರದ ಕೊನೆಯಲ್ಲಿ ಅಲ್ಲಿ ನುಡಿಸುವ ಕೆಲಸದಿಂದಲೇ ನಮ್ಮ ಮನೆ ನಡೆಯುವುದು. ಮ್ಯಾನೇಜರ್ ಇವರನ್ನು ಪಕ್ಕಕ್ಕೆ ಕರೆದು, "ನಿಮ್ಮ ಗಿಟಾರ್ ಸೂಜಿ ತರ ಚುಚ್ಚುತ್ತೆ ಅಂತ ಊಟಕ್ಕೆ ಬಂದವರು ಎದ್ದು ಹೋಗ್ತಿದ್ದಾರೆ. ಈ ಶನಿವಾರ ಸರಿಹೋಗದಿದ್ರೆ ಬೇರೆಯವರನ್ನ ನೋಡ್ಕೋತೀನಿ" ಎಂದಿದ್ದ. ಇವರು ಮನೆಗೆ ಬಂದು ಆಳವಾಗಿ ಯೋಚಿಸಿ, ತಪ್ಪು ಆಂಪ್ಲಿಫೈಯರಿನದು ಎಂದು ತೀರ್ಮಾನಿಸಿದರು.

ಹಾಗಾಗಿ ಪರೀಕ್ಷೆ ನಡೆಯಿತು. ತೀರ್ಪುಗಾರರಾಗಿ ತಂಡದ ಬೇಸ್ ವಾದಕ ಮತ್ತು ಡ್ರಮ್ಮರ್ ಬಂದರು. ಇಬ್ಬರೂ ಇವರ ಕಾಲೇಜಿನ ಕಾಲದ ಗೆಳೆಯರು, ಅಂದಿನಿಂದಲೂ ಒಂದೇ ಕೋಣೆಯಲ್ಲಿ ಒಟ್ಟಿಗೆ ಸದ್ದು ಮಾಡಿದವರು. ಯಾವುದು ಯಾವುದೆಂದು ಕಾಣದಿರಲಿ ಎಂದು ನನ್ನ ಒಳ್ಳೆಯ ಹೊದಿಕೆಯನ್ನೇ ಅಡ್ಡ ಕಟ್ಟಿದರು. ಹಿಂದೆ ನಿಂತು ವಯರ್ ಬದಲಿಸುವ ಕೆಲಸ ನನ್ನದು. ಏನೂ ತಿಳಿಯದವಳಾದ್ದರಿಂದ ಪಕ್ಷಪಾತ ಮಾಡಲಾರೆನಂತೆ.

ಇವರು ನುಡಿಸಿದರು. ಮೂವರೂ ಕಣ್ಣು ಮುಚ್ಚಿದರು.

"ಇದರಲ್ಲಿ ಜೇನಿದೆ," ಎಂದ ಬೇಸ್ ವಾದಕ.

"ಜೇನಲ್ಲ, ಮರ. ಹಳೇ ಮರ," ಎಂದ ಡ್ರಮ್ಮರ್.

"ಎರಡೂ ಅಲ್ಲ, ಕಂಬಳಿ ಹೊದಿಸಿದ ಹಾಗಿದೆ," ಎಂದರು ನಮ್ಮವರು. "ಏನೇ, ಟ್ರೆಬಲ್ ಸ್ವಲ್ಪ ಏರಿಸು."

ಚೂಪು ಸ್ವರಗಳನ್ನು ಹೆಚ್ಚಿಸುವ ಆ ಗುಂಡಿಯನ್ನು ಏರಿಸಿದೆ. ಇನ್ನೂ ಏರಿಸು ಎಂದರು. ಮೂರನೆಯ ಆಂಪ್ಲಿಫೈಯರಿಗೆ ಬರುವಷ್ಟರಲ್ಲಿ ಗುಂಡಿ ಕೊನೆಯವರೆಗೂ ತಿರುಗಿತ್ತು. ನನ್ನ ಹಲ್ಲು ಜುಮ್ಮೆಂದಿತು. ಒಳಕೋಣೆಯಲ್ಲಿ ಓದುತ್ತಿದ್ದ ಮಗಳು ಬಾಗಿಲನ್ನು ಧಡಾರನೆ ಹಾಕಿಕೊಂಡಳು.

"ಹಾಂ, ಇದೀಗ ಬಾಯಿ ಬಿಡ್ತು," ಎಂದು ಮೂವರೂ ಒಪ್ಪಿದರು. ಈ ಮೂವರು ಯಾವ ವಿಷಯಕ್ಕಾದರೂ ಒಪ್ಪಿದ್ದನ್ನು ನಾನು ಕಂಡದ್ದು ಅದೇ ಮೊದಲು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಆಮೇಲೆ ಮೌನದ ಪರೀಕ್ಷೆ. ಒಳ್ಳೆಯ ಆಂಪ್ಲಿಫೈಯರಿಗೆ ನುಡಿಸದೆ ಇದ್ದಾಗಲೂ ಗುಣವಿರುತ್ತದಂತೆ. ಗಿಟಾರ್ ಕೆಳಗಿಟ್ಟು, ಉಸಿರು ಬಿಗಿಹಿಡಿದು ಕೂತರು. ಸರಿಯಾಗಿ ಆಗಲೇ ಹಿತ್ತಿಲ ಕಡೆ ಬಟ್ಟೆ ಒಗೆಯುವ ಮೆಷಿನ್ನು ಕೆಲಸ ಮುಗಿಸಿ ಕೀಂ ಕೀಂ ಎಂದು ಕೂಗತೊಡಗಿತು.

"ಆಹಾ," ಎಂದರು ಇವರು ಮೆಲ್ಲಗೆ. "ಎಂಥಾ ನಿಶ್ಶಬ್ದ ನೋಡ್ರೋ."

ಉಳಿದಿಬ್ಬರು ಭಕ್ತಿಯಿಂದ ತಲೆಯಾಡಿಸಿದರು. ಮೆಷಿನ್ನು ಕೂಗುತ್ತಲೇ ಇತ್ತು. ಮಗಳು ಬಾಗಿಲು ತೆರೆದು, "ಅಪ್ಪಾ, ಮೆಷಿನ್ ಆಗ್ಲಿಂದ ಬಡ್ಕೋತಿದೆ, ಯಾರಿಗೂ ಕೇಳಿಸ್ತಿಲ್ವಾ?" ಎಂದಳು.

"ಯಾವ ಮೆಷಿನ್ನು?" ಎಂದರು ಮೂವರೂ.

ನಗಬೇಕೆಂದು ಹೊದಿಕೆ ಸರಿಸಿದವಳಿಗೆ ನಗು ಬರಲಿಲ್ಲ. ಎಷ್ಟು ಸಲ ಕರೆದಿದ್ದೆ, ಇವರು ತಿರುಗಿಯೂ ನೋಡಿರಲಿಲ್ಲ. ನನ್ನ ಮಾತೆಂದರೆ ಇವರಿಗೆ ಲೆಕ್ಕಕ್ಕಿಲ್ಲ ಎಂದು ಮುಖ ಊದಿಸಿಕೊಂಡು ಕೂತ ದಿನಗಳೆಷ್ಟೋ. ಅಷ್ಟು ಚೆನ್ನಾಗಿ ಮಾಡಿದ ಜಗಳಗಳೆಲ್ಲ ದಂಡವಾದವು.

ಕಿವಿ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ಗಾಜಿನ ಗೂಡಿನಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗಲೆಲ್ಲ ಬಟನ್ ಒತ್ತಿ ಎಂದರು. ಇವರು ಬಹಳ ಹೊತ್ತು ಸುಮ್ಮನೆ ಕೂತಿದ್ದು, ಕೊನೆಗೆ ಹೊರಗೆ ತಲೆ ಹಾಕಿ ಕೇಳಿದರು: "ಈ ಹೆಡ್‌ಫೋನ್ ಟೋನ್ ತೀರಾ ಡಲ್ಲು. ಬೇರೆ ಕಂಪನಿದು ಇದ್ರೆ ಕೊಡಿ, ಹೋಲಿಸಿ ನೋಡೋಣ."

ಮೇಲಿನ ಚೂಪು ಸ್ವರಗಳನ್ನು ಕೇಳುವ ಶಕ್ತಿ ಹೋಗಿದೆ, ಮತ್ತೆ ಬರುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಿ ಎಂದರು ಡಾಕ್ಟರ್. ಗೆಳೆಯರಿಗೆ ವಿಷಯ ತಿಳಿಸಿದೆ. ತಮ್ಮ ಕಿವಿಗೇನೂ ಆಗಿಲ್ಲವೆಂದು ಇಬ್ಬರೂ ಹೇಳಿದರು, ನನ್ನಿಂದ ಎರಡೆರಡು ಸಲ ಹೇಳಿಸಿಕೊಂಡು.

ಶನಿವಾರ ಇವರು ಕೈಗೆ ಸಿಕ್ಕ ಆಂಪ್ಲಿಫೈಯರನ್ನು ಎತ್ತಿಕೊಂಡು ಹೊರಟರು. ಯಾವುದಾದರೇನು ಎಂದರು. ಆ ಮಾತು ಅವರ ಬಾಯಲ್ಲಿ ಕೇಳಿ ನನಗೆ ಹೆದರಿಕೆಯಾಯಿತು. ಹೋಟೆಲಿನಲ್ಲಿ ನನ್ನನ್ನು ಎದುರಿನ ಮೇಜಿಗೇ ಕೂರಿಸಿ, "ಚುಚ್ಚಿದ್ರೆ ಹುಬ್ಬು ಗಂಟಿಕ್ಕು, ಸಾಕು," ಎಂದರು.

"ನಿಮಗೆ ಹೇಗೆ ಕೇಳುತ್ತೆ?"

"ಗೋಡೆ ಆಚೆ ಯಾರೋ ನುಡಿಸ್ತಿರೋ ಹಾಗೆ."

ನುಡಿಸಿದರು. ಒಂದೆರಡು ಸಲ ಹುಬ್ಬು ಗಂಟಿಕ್ಕಿದೆ, ಗುಂಡಿ ಇಳಿಯಿತು. ದನಿ ದುಂಡಗೆ, ಮೆತ್ತಗೆ ಬಂತು. ಯಾರೂ ಎದ್ದು ಹೋಗಲಿಲ್ಲ. ಮ್ಯಾನೇಜರ್ ದೂರದಿಂದಲೇ ತಲೆಯಾಡಿಸಿ ಒಳಗೆ ಹೋದ. ಕೆಲಸ ಉಳಿಯಿತು. ಇವರು ಮಾತ್ರ ಬೆರಳನ್ನೂ ನೋಡದೆ, ಆಂಪ್ಲಿಫೈಯರನ್ನೂ ನೋಡದೆ, ಸಂಜೆಯಿಡೀ ನನ್ನ ಮುಖವನ್ನೇ ನೋಡುತ್ತಿದ್ದರು. ಮದುವೆಯ ದಿನವೂ ಇಷ್ಟು ನೋಡಿರಲಿಲ್ಲ.

ಕಾರ್ಯಕ್ರಮ ಮುಗಿಯುವ ಹೊತ್ತಿಗೆ ನನಗೊಂದು ತುಂಟ ಬುದ್ಧಿ ಬಂತು. ದನಿ ಚೆನ್ನಾಗಿಯೇ ಇದ್ದರೂ ಸುಮ್ಮನೆ ಹುಬ್ಬು ಗಂಟಿಕ್ಕಿದೆ. ಇವರ ಕೈ ಆ ಕ್ಷಣವೇ ಗುಂಡಿಗೆ ಹೋಯಿತು. ಇಳಿಸಿ, ಈಗ ಸರಿಯೇ ಎಂದು ಕಣ್ಣಲ್ಲೇ ಕೇಳಿದರು. ನನ್ನ ಮಾತು ಕೇಳಲಿ ಎಂದು ಇಷ್ಟು ವರ್ಷ ಹಂಬಲಿಸಿದವಳು ನಾನು. ಆದರೆ ಆಗ, ನಿನಗೆ ಟೋನ್ ಗೊತ್ತಿಲ್ಲ ಕಣೇ, ಸುಮ್ಮನಿರು ಎಂದು ಅವರೊಮ್ಮೆ ಗದರಿದ್ದರೆ ಸಾಕಿತ್ತು ಅನ್ನಿಸಿತು.